ಪೆಂಗ್ವಿನ್ ಹತ್ತಿರ

ಬಂದರಿನ ಐಸ್ ಪ್ಲಾಂಟಿನ ಗೋಡೆಗೆ ಒಂದು ಪೆಂಗ್ವಿನ್ ಬೇಕೆಂದು
ಮೊಯ್ದಿನಬ್ಬ ಸಾಹುಕಾರರು ಮುಂಗಡ ಕೊಟ್ಟದ್ದು ಎಪ್ಪತ್ತೈದು ರೂಪಾಯಿ.
ನಾನಾಗ ಎಂಟನೇ ಕ್ಲಾಸು, ಬಣ್ಣದ ಡಬ್ಬ ಹಿಡಿಯುವವಳು.
ಬಂಗುಡೆ ಬುಟ್ಟಿಗಳ ನೀರು ಕಾಲ್ಬೆರಳ ಸಂದಿಯಲ್ಲಿ ಹರಿಯುತ್ತಿತ್ತು.
ಏಣಿಯ ಮೇಲಿಂದ ಅಪ್ಪ, ಲಾದ್ರು ಪೇಂಟರ್, ಕೇಳಿದ:
"ಅಲ್ಲ ಸೆವ್ರಿನ್, ಪೆಂಗ್ವಿನ್ ಅಂದರೆ ಎಂತ?"

ಹಕ್ಕಿ, ಅಂದೆ.

"ಹಕ್ಕಿ ಅಂತ ನನಗೂ ಗೊತ್ತುಂಟು ಮಾರಾಯ್ತಿ.
ಬರೀತಾ ಇರೋದು ಯಾರು?
ಆ ಶಬ್ದಕ್ಕೆ ಎಂತ ಅರ್ಥ ಅಂತ ಕೇಳಿದ್ದು."

ಸಿಸ್ಟರ್ ಎಮರೆನ್ಸಿಯಾರ ಕಪಾಟಿನಲ್ಲಿ
ರಟ್ಟು ಕಳಚಿದ ನಿಘಂಟೊಂದಿತ್ತು, ಕರ್ಪೂರದ ವಾಸನೆಯದ್ದು.
ವೇಲ್ಸ್ ಸೀಮೆಯ ಮಾತಿನಲ್ಲಿ ಪೆನ್ ಅಂದರೆ ತಲೆ, ಗ್ವಿನ್ ಅಂದರೆ ಬಿಳಿ.
ಇರಬಹುದು, ಅಂತ ಬರೆದಿತ್ತು. ಹೌದು ಅಂತಲ್ಲ.
ಲ್ಯಾಟಿನ್ನಿನವರು ಕೊಬ್ಬಿದ್ದಕ್ಕೆ ಪಿಂಗ್ವಿಸ್ ಅನ್ನುತ್ತಿದ್ದರಂತೆ,
ಅದೂ ಇರಬಹುದು.
ಕೊನೆಗೊಂದು ಪ್ರಶ್ನೆಚಿಹ್ನೆ, ಎರೆ ಇಲ್ಲದ ಗಾಳ.

"ಬಿಳಿ ತಲೆಯಾ!"
ಅಪ್ಪ ಕ್ಯಾಲೆಂಡರಿನ ಚಿತ್ರ ನೋಡಿದ, ಗೋಡೆ ನೋಡಿದ.
ತಾನೇ ಇದ್ದಿಲಿನಂತೆ ತುಂಬಿಸಿದ್ದ ಕಪ್ಪು ತಲೆ.
ಶಬ್ದ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು
ಬಿಳಿ ಎನಾಮಲ್ ಎತ್ತಿಕೊಂಡ.

ಸಂಜೆ ಸಾಹುಕಾರರು ಬಂದರು. ತಲೆ ಎತ್ತಿದರು.
"ಎಂತದು ಲಾದ್ರು, ಹಜ್ಜಿಗೆ ಹೋಗಿ ಬಂತಾ ಇದು?"

ಮತ್ತೆ ಕಪ್ಪು. ಬಿಳಿಯನ್ನು ಒರೆಸುವಾಗ
ಒಂದು ಹನಿ ನನ್ನ ಬೈತಲೆಗೇ ಬಿತ್ತು,
ಸೀಮೆಎಣ್ಣೆಗೂ ಜಗ್ಗಲಿಲ್ಲ. ಅಮ್ಮ ಕತ್ತರಿ ಹಾಕಿದಳು.

ಸಿಸ್ಟರ್ ನಕ್ಕು ಹೇಳಿದ್ದು ಆಮೇಲೆ:
ಹೆಸರು ಮೊದಲು ಬೇರೊಂದು ಹಕ್ಕಿಯದ್ದು.
ಬಡಗಣ ಕಡಲಿನದು, ಕಣ್ಣ ಮುಂದೆ ಬಿಳಿ ಮಚ್ಚೆ, ಹಾರಲು ಬಾರದು.
ನಾವಿಕರು ಹಲಗೆ ಹಾಕಿ ಹಡಗಿಗೆ ಅಟ್ಟಿ
ಉಪ್ಪು ಹಾಕಿ ಪೀಪಾಯಿ ತುಂಬಿದರು.
ತೆಂಕಣ ಕಡಲಿಗೆ ಹೋದ ಇನ್ನು ಕೆಲವರು
ನೆಟ್ಟಗೆ ನಿಂತ ಇದನ್ನು ಕಂಡು ಅದೇ ಹೆಸರು ಕರೆದರು,
ಹಂಪನಕಟ್ಟೆಯ ಜನಜಂಗುಳಿಯಲ್ಲಿ ಯಾರದೋ ಬೆನ್ನು ನೋಡಿ
ಪರಿಚಯದವರೆಂದು ಕೂಗಿದ ಹಾಗೆ.
ಅದು ತಿರುಗಿತು.
ಮುಖ ಬೇರೆ.
ಆದರೂ ಓ ಅಂದಿತು.
ಅತ್ತ ಬಿಳಿ ಮಚ್ಚೆಯದ್ದು ಒಂದೂ ಉಳಿಯಲಿಲ್ಲ.

ಅಪ್ಪ ಬ್ರಷ್ ತೊಳೆಯುತ್ತ ಬಹಳ ಹೊತ್ತು ಸುಮ್ಮನಿದ್ದ.
"ನಿನ್ನ ಹಾಗೇ ಆಯ್ತಲ್ಲ," ಅಂದ.

ಸೆವ್ರಿನ್, ಅವನ ತಾಯಿ. ನಾನು ಹುಟ್ಟುವ ಮೊದಲೇ ಹೋದವಳು.
ಬೆಳ್ಳಗೆ, ದಪ್ಪಗೆ, ಜೆಪ್ಪುವಿನಲ್ಲಿ ನಕ್ಕರೆ ನೇತ್ರಾವತಿಗೆ ಕೇಳುತ್ತಿತ್ತಂತೆ.
ನಾನೋ ಕಪ್ಪು, ಕಡ್ಡಿ.
ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಲ್ಲಿ ಅಮ್ಮ ನನ್ನನ್ನು ಕೂಗಿದರೆ
ಮುದುಕಿಯರು ಥಟ್ಟನೆ ತಿರುಗಿ
ನನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದರು.
ಓ, ಎನ್ನುತ್ತಿದ್ದೆ ನಾನು.

ಐಸ್ ಪ್ಲಾಂಟು ಬಿದ್ದು ಹನ್ನೆರಡು ವರ್ಷ.
ಅಪ್ಪ ಹೋಗಿ ಒಂಬತ್ತು.
ಟಾಕೀಸಿಲ್ಲದ ಜ್ಯೋತಿಯಲ್ಲಿ ಬಸ್ಸುಗಳು ನಿಲ್ಲುತ್ತವೆ,
ಗೋಡೆಯಿಲ್ಲದ ತಿರುವಿಗೆ ಬಂದರಿನವರು
ಪೆಂಗ್ವಿನ್ ಅನ್ನುತ್ತಾರೆ.
"ಪೆಂಗ್ವಿನ್ ಹತ್ತಿರ ಇದ್ದೇನೆ, ಟೆಂಪೊ ತಾ."

ಮೊನ್ನೆ ಬೂತಾಯಿ ಕೊಳ್ಳಲು ಹೋದಾಗ
ಐಸು ಪುಡಿ ಮಾಡುತ್ತಿದ್ದ ಒಡಿಶಾದ ಹುಡುಗನನ್ನು ಕೇಳಿದೆ,
ಬೈತಲೆಯ ನರೆಯನ್ನು ಸೆರಗಿನಡಿ ತಳ್ಳುತ್ತ:
ಪೆಂಗ್ವಿನ್ ಅಂದರೆ ಎಂತ ಮಗಾ?

ಇದೆಂಥ ಪ್ರಶ್ನೆ ಎಂಬಂತೆ ನೋಡಿ
ಸಲಿಕೆಯಲ್ಲೇ ನೆಲ ತೋರಿಸಿದ:
"ಇಲ್ಲಿ."